ಡಂಗುರದಿಂದ ದಿನಪತ್ರಿಕೆಗೆ

ಬೆಳಗಿನ ಪತ್ರಿಕೆಯನ್ನು ಮನೆಮಂದಿಯೆಲ್ಲ ಹಂಚಿಕೊಂಡು ಓದುವ ವಾಡಿಕೆ ನಮ್ಮಲ್ಲಿ ಉಂಟಷ್ಟೆ. ಒಬ್ಬರಿಗೆ ಮುಖಪುಟ, ಒಬ್ಬರಿಗೆ ಆಟದ ಸುದ್ದಿ, ಮತ್ತೊಬ್ಬರಿಗೆ ಪದಬಂಧ. ಯಾರ ಪಾಲಿಗೂ ಬಾರದೆ ಉಳಿಯುವ ಪುಟವೂ ಒಂದಿದೆ. ಚಿಕ್ಕ ಅಕ್ಷರಗಳಲ್ಲಿ ಒತ್ತೊತ್ತಾಗಿ ಅಚ್ಚಾದ ಸರ್ವೆ ನಂಬರುಗಳು, ಚಕ್ಕುಬಂದಿಯ ವಿವರಗಳು, ‘ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ’ ಎಂದು ಮೊದಲಾಗಿ ಎಲ್ಲಿ ಮುಗಿಯುವುದೆಂದು ತಿಳಿಯದ ವಾಕ್ಯಗಳು. ಈ ಪುಟವನ್ನು ತಾವು ಎಷ್ಟು ಸಲ ಪೂರ್ತಿಯಾಗಿ ಓದಿದ್ದೀರಿ? ಓದದಿದ್ದರೂ ಚಿಂತೆಯಿಲ್ಲ, ತಾವು ಓದಿದ್ದೀರೆಂದೇ ಕಾನೂನು ಭಾವಿಸುತ್ತದೆ! ಆ ಭಾವನೆಯ ಆಧಾರದ ಮೇಲೆ ಹೊಲವು ಸರಕಾರದ ಸ್ವಾಧೀನಕ್ಕೆ ಹೋಗಬಹುದು, ಸಾಲಕ್ಕೆ ಒತ್ತೆಯಿಟ್ಟ ಮನೆ ಬ್ಯಾಂಕಿನ ವಶವಾಗಬಹುದು, ತಾವಿಲ್ಲದೆಯೇ ತಮ್ಮ ಮೇಲಿನ ದಾವೆ ತೀರ್ಮಾನವಾಗಬಹುದು.

ಹಾಗಿದ್ದ ಮೇಲೆ, ಅಂತಹ ಪ್ರಕಟಣೆ ಎಂತಹ ಪತ್ರಿಕೆಯಲ್ಲಿ ಬಂದರೆ ಸಲ್ಲುತ್ತದೆ, ಎಂತಹುದರಲ್ಲಿ ಬಂದರೆ ಸಲ್ಲದು ಎಂಬುದು ಸಣ್ಣ ಪ್ರಶ್ನೆಯಲ್ಲ. ಇದಕ್ಕೆ ಕಾನೂನು ಒಮ್ಮೆಗೇ ಉತ್ತರ ಕೊಟ್ಟಿಲ್ಲ. ಮುನ್ನೂರು ವರ್ಷಗಳಿಗೂ ಮಿಕ್ಕಿ, ತಡವರಿಸುತ್ತ ಕೊಟ್ಟಿದೆ.

ಪತ್ರಿಕೆಗೂ ಮುಂಚೆ ಇದ್ದುದು ಡಂಗುರ. ತಳವಾರನು ತಮಟೆ ಬಾರಿಸಿ ಬೀದಿಬೀದಿಯಲ್ಲಿ ಸಾರಿದರೆ ಊರಿಗೆ ವಿಷಯ ಮುಟ್ಟಿದಂತೆ. ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕಬೇಡಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ, ಸ್ಥಿರಾಸ್ತಿಯ ಜಪ್ತಿಯ ಆಜ್ಞೆಯನ್ನು ಆ ಸ್ವತ್ತಿನ ಬಳಿಯಲ್ಲಿ ಡಂಗುರ ಹೊಡೆಸಿಯೋ ರೂಢಿಯಲ್ಲಿರುವ ಬೇರೆ ರೀತಿಯಲ್ಲಿಯೋ ಸಾರಬೇಕೆಂಬ ನಿಯಮ ಇಂದಿಗೂ ಇದೆ. ಹರಾಜಿನ ವಿಷಯಕ್ಕೆ ಬಂದಾಗ ಅದೇ ಸಂಹಿತೆ ಇನ್ನೊಂದು ಹೆಜ್ಜೆ ಇಡುತ್ತದೆ. ಕೋರ್ಟು ಅಪ್ಪಣೆ ಮಾಡಿದರೆ ಮಾರಾಟದ ಘೋಷಣೆಯನ್ನು ರಾಜ್ಯಪತ್ರದಲ್ಲಿ, ಇಲ್ಲವೆ ಸ್ಥಳೀಯ ಪತ್ರಿಕೆಯಲ್ಲಿ, ಅಥವಾ ಎರಡರಲ್ಲೂ ಅಚ್ಚು ಹಾಕಿಸಬೇಕು. ಅದರ ಖರ್ಚನ್ನು ಹರಾಜಿನ ಖರ್ಚಿಗೆ ಸೇರಿಸಬೇಕು. ‘ಸ್ಥಳೀಯ’ ಎಂಬ ಆ ಒಂದು ಪದವನ್ನು ನೆನಪಿನಲ್ಲಿಡಿ. ಮುಂದಿನ ಕತೆಯೆಲ್ಲ ಅದರ ಸುತ್ತಲೇ ಬೆಳೆದಿದೆ.

ರಾಜ್ಯಪತ್ರ, ಅಂದರೆ ಗೆಜೆಟ್ಟು, ಹುಟ್ಟಿದ್ದು ಒಂದು ಪಿಡುಗಿನ ದೆಸೆಯಿಂದ. 1665ರಲ್ಲಿ ಲಂಡನ್ನಿಗೆ ಪ್ಲೇಗು ಬಡಿದಾಗ ಎರಡನೆಯ ಚಾರ್ಲ್ಸ್ ದೊರೆಯ ಆಸ್ಥಾನ ಆಕ್ಸ್‌ಫರ್ಡಿಗೆ ಓಡಿಹೋಯಿತು. ಆ ವರ್ಷದ ನವೆಂಬರಿನಲ್ಲಿ ‘ಆಕ್ಸ್‌ಫರ್ಡ್ ಗೆಜೆಟ್’ ಹೊರಟಿತು. ಆಸ್ಥಾನ ಹಿಂತಿರುಗಿದ ಮೇಲೆ 1666ರಲ್ಲಿ ಅದೇ ‘ಲಂಡನ್ ಗೆಜೆಟ್’ ಆಯಿತು. ಸರಕಾರದ್ದೇ ಪತ್ರಿಕೆಯಾದ ಕಾರಣ ಅದರಲ್ಲಿ ಬಂದುದು ಅಧಿಕೃತ. ಓದುವವರು ಎಷ್ಟು ಮಂದಿ ಎಂಬ ಪ್ರಶ್ನೆಯೇ ಏಳುವುದಿಲ್ಲ. ನಮ್ಮ ದೇಶದಲ್ಲಿ ‘ಗೆಜೆಟ್’ ಎಂಬ ಹೆಸರನ್ನು ಮೊದಲು ಹೊತ್ತದ್ದು 1780ರಲ್ಲಿ ಕಲ್ಕತ್ತೆಯಲ್ಲಿ ಹಿಕಿ ಎಂಬಾತ ಹೊರಡಿಸಿದ ವಾರಪತ್ರಿಕೆ. ಅದರಲ್ಲಿ ಸರಕಾರಿ ಪ್ರಕಟಣೆಗಿಂತ ಸರಕಾರದ ಮೇಲಿನ ಬೈಗಳೇ ಹೆಚ್ಚು. ಆ ವರ್ಷ ಮುಗಿಯುವ ಮುನ್ನವೇ ಕಂಪನಿ ಸರಕಾರ ಅದನ್ನು ಅಂಚೆಯಲ್ಲಿ ಸಾಗಿಸಕೂಡದೆಂದು ಆಜ್ಞೆ ಮಾಡಿತು. ಸರಕಾರದ ಆಶ್ರಯ ಪಡೆದ ‘ಕಲ್ಕತ್ತಾ ಗೆಜೆಟ್’ ಬಂದದ್ದು 1784ರಲ್ಲಿ.

ಅಚ್ಚಾದ ಸುದ್ದಿ ಎಲ್ಲ ಕಡೆಗೂ ಒಂದೇ ದಿನ ಮುಟ್ಟುವುದಿಲ್ಲವೆಂಬುದನ್ನು ಮನಸ್ಸಿಗೆ ತಂದುಕೊಂಡವರು ಫ್ರೆಂಚರು. 1804ರಲ್ಲಿ ನೆಪೋಲಿಯನ್ನನ ಕಾಲದಲ್ಲಿ ಜಾರಿಗೆ ಬಂದ ಸಿವಿಲ್ ಸಂಹಿತೆಯ ಮೊದಲನೆಯ ಕಲಮೇ ಇದರ ಬಗ್ಗೆ. ಹೊಸ ಕಾನೂನನ್ನು ಘೋಷಿಸಿದ ಒಂದು ದಿನದ ನಂತರ ರಾಜಧಾನಿಯ ಪ್ರಾಂತದವರಿಗೆ ಅದು ತಿಳಿದಿದೆಯೆಂದು ಎಣಿಸಬೇಕು. ಉಳಿದ ಪ್ರಾಂತಗಳಿಗಾದರೆ, ಸುಮಾರು ನೂರು ಕಿಲೋಮೀಟರು ದೂರಕ್ಕೆ ಒಂದು ದಿನದಂತೆ ಹೆಚ್ಚು ವಾಯಿದೆ ಕೊಡಬೇಕು. ಕುದುರೆಯ ಕಾಲಿನ ವೇಗವನ್ನೂ ಕಾನೂನಿನೊಳಕ್ಕೆ ತಂದ ಈ ಲೆಕ್ಕಾಚಾರ ನನಗೆ ಬಹಳ ಪ್ರಾಮಾಣಿಕವಾಗಿ ಕಾಣುತ್ತದೆ.

ಖಾಸಗಿ ಪತ್ರಿಕೆಗಳಿಗೆ ಸರಕಾರಿ ಪ್ರಕಟಣೆಯನ್ನು ಒಪ್ಪಿಸುವ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿನ ಪ್ರಥಮ ಕಾಂಗ್ರೆಸ್ಸು 1789ರಲ್ಲಿ, ತಾನು ಮಾಡಿದ ಕಾನೂನುಗಳನ್ನು ದೇಶದ ಕನಿಷ್ಠ ಮೂರು ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂದು ವಿಧಿಸಿತು. ಯಾವ ಮೂರು? ಆರಿಸುವ ಅಧಿಕಾರ ಮಂತ್ರಿಯ ಕೈಯಲ್ಲಿ. ಅಧಿಕಾರದಲ್ಲಿದ್ದವರನ್ನು ಹೊಗಳುವ ಪತ್ರಿಕೆಗೆ ಪ್ರಕಟಣೆ, ತೆಗಳುವ ಪತ್ರಿಕೆಗೆ ಬರಿಗೈ ಎಂಬ ಸ್ಥಿತಿ ಬರಲು ತಡವಾಗಲಿಲ್ಲ. ಮುಂದೆ ಅಲ್ಲಿನ ಸಂಸ್ಥಾನಗಳು ಒಂದೊಂದಾಗಿ ಅಳತೆಗೋಲುಗಳನ್ನು ಮಾಡಿಕೊಂಡವು. ಪತ್ರಿಕೆಗೆ ಹಣ ತೆತ್ತು ತರಿಸಿಕೊಳ್ಳುವ ನಿಜವಾದ ಚಂದಾದಾರರಿರಬೇಕು. ಇಷ್ಟು ಕಾಲ ಬಿಡದೆ ನಡೆದಿರಬೇಕು. ಎಲ್ಲ ಬಗೆಯ ಜನರೂ ಓದುವಂತಹ ಸುದ್ದಿ ಇರಬೇಕು. ಪ್ರಕಟಣೆಗಾಗಿಯೇ ಹುಟ್ಟಿಕೊಂಡ ಹಾಳೆಯಾಗಿರಬಾರದು. ಇಷ್ಟಾದರೂ 1950ರಲ್ಲಿ ನ್ಯೂಯಾರ್ಕಿನ ಬ್ಯಾಂಕೊಂದರ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ವಿಳಾಸ ಗೊತ್ತಿರುವ ಜನರಿಗೆ ಕಾಗದ ಬರೆಯದೆ ಪತ್ರಿಕೆಯಲ್ಲಿ ಪ್ರಕಟಿಸಿ ಕೈತೊಳೆದುಕೊಂಡರೆ ಸಾಲದು ಎಂದಿತು. ಪತ್ರಿಕೆಯ ಹಿಂದಿನ ಪುಟದ ಸಣ್ಣಕ್ಷರ ಯಾರ ಕಣ್ಣಿಗಾದರೂ ಬಿದ್ದರೆ ಅದು ಆಕಸ್ಮಿಕವೇ ಸರಿ ಎಂಬ ಅರ್ಥದ ಮಾತನ್ನು ನ್ಯಾಯಮೂರ್ತಿ ಜ್ಯಾಕ್‌ಸನ್ ಆ ತೀರ್ಪಿನಲ್ಲಿ ಬರೆದರು.

ಅದರ ಮರುವರ್ಷವೇ ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆ ಇದಕ್ಕಿಂತ ವಿಚಿತ್ರವಾದ ಮೊಕದ್ದಮೆ ಬಂದಿತು. ಜಯಪುರ ಸಂಸ್ಥಾನದಲ್ಲಿ ಮಹಾರಾಜರು ಅಪ್ರಾಪ್ತ ವಯಸ್ಕರಾಗಿದ್ದಾಗ ಮಂತ್ರಿಮಂಡಲವೇ ಆಡಳಿತ ನಡೆಸುತ್ತಿತ್ತು. 1923ರ ಡಿಸೆಂಬರ್ 11ರಂದು ಆ ಮಂಡಲ ಒಂದು ನಿರ್ಣಯ ಮಾಡಿ ಅಫೀಮಿನ ಕಾಯಿದೆಯೊಂದನ್ನು ತಂದಿತು. ನಿರ್ಣಯ ಕಡತದಲ್ಲಿ ಉಳಿಯಿತು. ಗೆಜೆಟ್ಟಿನಲ್ಲಿ ಬರಲಿಲ್ಲ, ಡಂಗುರವಿಲ್ಲ, ಚಾವಡಿಯ ಗೋಡೆಗೆ ಅಂಟಿಸಲಿಲ್ಲ. ಇಪ್ಪತ್ತೈದು ವರ್ಷ ಕಳೆದ ಮೇಲೆ, 1948ರಲ್ಲಿ, ಹರ್ಲಾ ಎಂಬವನಿಗೆ ಆ ಕಾಯಿದೆಯಡಿ ಐವತ್ತು ರೂಪಾಯಿ ದಂಡ ಬಿತ್ತು. ಐವತ್ತು ರೂಪಾಯಿಯ ಆ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು! 1951ರಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸರು ದಂಡವನ್ನು ರದ್ದುಪಡಿಸಿದರು. ಸಾಮಾನ್ಯನು ಎಷ್ಟೇ ಎಚ್ಚರ ವಹಿಸಿದರೂ ತಿಳಿಯಲು ದಾರಿಯೇ ಇಲ್ಲದ ಕಾನೂನಿನಿಂದ ಅವನನ್ನು ಶಿಕ್ಷಿಸುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ಅವರು ಹೇಳಿದರು. ಮೇಲೆ ಹೇಳಿದ ಫ್ರೆಂಚ್ ಸಂಹಿತೆಯ ಮೊದಲ ಕಲಮನ್ನೂ ಅವರು ಅಲ್ಲಿ ನೆನೆದಿದ್ದಾರೆ.

ಆದರೆ ಗೆಜೆಟ್ಟಿನಲ್ಲಿ ಅಚ್ಚಾದ ಮಾತ್ರಕ್ಕೆ ಹಳ್ಳಿಯವನಿಗೆ ತಿಳಿದಂತಾಯಿತೆ? ಭೂಸ್ವಾಧೀನದ ಚರಿತ್ರೆಯಲ್ಲಿ ಈ ಪ್ರಶ್ನೆ ಬಲು ನೋವಿನಿಂದ ಕೂಡಿದೆ. 1894ರ ಭೂಸ್ವಾಧೀನ ಕಾಯಿದೆಯಂತೆ, ಸರಕಾರ ನಿಮ್ಮ ಜಮೀನನ್ನು ಬಯಸಿದರೆ ಮೊದಲು ಗೆಜೆಟ್ಟಿನಲ್ಲಿ ಅಧಿಸೂಚನೆ ಹೊರಡಿಸಬೇಕು, ಅದರ ಸಾರಾಂಶವನ್ನು ಆ ಊರಿನಲ್ಲಿ ಸಾರಬೇಕು. ವೃತ್ತಪತ್ರಿಕೆಯ ಮಾತೇ ಇರಲಿಲ್ಲ. ಆಕ್ಷೇಪಣೆ ಸಲ್ಲಿಸುವ ಹಕ್ಕನ್ನೂ ಕೊಟ್ಟದ್ದು 1923ರಲ್ಲಿ. ಅದಕ್ಕೆ ಮೂವತ್ತು ದಿನಗಳ ಗಡುವು. ಆ ಮೂವತ್ತು ದಿನ ಎಂದಿನಿಂದ? ಅಧಿಸೂಚನೆ ಹೊರಟ ದಿನದಿಂದ! ಊರಿನ ಚಾವಡಿಗೆ ಸುದ್ದಿ ಬರುವಷ್ಟರಲ್ಲಿ ಗಡುವು ಅರ್ಧ ಸವೆದಿದ್ದರೆ ರೈತನು ಏನು ಮಾಡಬೇಕು? 1966ರಲ್ಲಿ ರಾಜಸ್ಥಾನದ ಇಂತಹುದೇ ಕಾಯಿದೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಊರಿನಲ್ಲಿ ಸಾರುವುದು ಬರಿಯ ಉಪಚಾರವಲ್ಲ, ಕಡ್ಡಾಯ. ಅದು ನಡೆಯದಿದ್ದರೆ ಸ್ವಾಧೀನವೇ ನಿಲ್ಲದು ಎಂದು ತೀರ್ಮಾನಿಸಿತು.

ಪತ್ರಿಕೆ ಈ ಕಾಯಿದೆಯೊಳಗೆ ಕಾಲಿಟ್ಟದ್ದು 1984ರ ತಿದ್ದುಪಡಿಯಿಂದ. ಆ ಊರಿನ ಸುತ್ತ ಪ್ರಸಾರವಿರುವ ಎರಡು ದಿನಪತ್ರಿಕೆಗಳಲ್ಲಿ, ಅವುಗಳಲ್ಲಿ ಒಂದಾದರೂ ಪ್ರಾದೇಶಿಕ ಭಾಷೆಯದಾಗಿರುವಂತೆ, ಅಧಿಸೂಚನೆ ಬರಬೇಕು. ಗೆಜೆಟ್ಟು, ಪತ್ರಿಕೆಗಳು, ಊರಿನ ಸಾರಿಕೆ ಈ ಎಲ್ಲದರಲ್ಲಿ ಯಾವುದು ಕೊನೆಯದೋ ಅದರ ದಿನಾಂಕವೇ ಪ್ರಕಟಣೆಯ ದಿನಾಂಕ. ಮೂವತ್ತು ದಿನಗಳು ಅಂದಿನಿಂದ. ಕಾಯಿದೆ ಹುಟ್ಟಿ ತೊಂಬತ್ತು ವರ್ಷಗಳಾದ ಮೇಲೆ ಬಂದ ನ್ಯಾಯ.

ಪ್ರಾದೇಶಿಕ ಭಾಷೆಯ ಪತ್ರಿಕೆಗೆ ದೊರೆತ ಈ ಮನ್ನಣೆಯ ಹಿಂದೆ ಒಂದು ವಿನೋದವಿದೆ. 1878ರಲ್ಲಿ ಲಿಟ್ಟನ್ ವೈಸರಾಯರು ದೇಶಭಾಷೆಗಳ ಪತ್ರಿಕೆಗಳಿಗೆಂದೇ ಒಂದು ಕಾಯಿದೆ ತಂದಿದ್ದರು. ಇಂಗ್ಲಿಷ್ ಪತ್ರಿಕೆಗಳಿಗೆ ಅದು ತಗಲುತ್ತಿರಲಿಲ್ಲ. ದೇಶಭಾಷೆಯ ಮುದ್ರಕನಿಂದ ಮಾತ್ರ ಜಿಲ್ಲೆಯ ಅಧಿಕಾರಿ ಮುಚ್ಚಳಿಕೆ ಬರೆಸಿಕೊಳ್ಳಬಹುದಾಗಿತ್ತು. ಬಂಗಾಳದ ‘ಅಮೃತ ಬಜಾರ್ ಪತ್ರಿಕಾ’ ಇದರಿಂದ ತಪ್ಪಿಸಿಕೊಳ್ಳಲು ತಾನೇ ಇಂಗ್ಲಿಷ್ ಪತ್ರಿಕೆಯಾಗಿಬಿಟ್ಟಿತು. ರಿಪ್ಪನ್ ವೈಸರಾಯರ ಕಾಲದಲ್ಲಿ ಆ ಕಾಯಿದೆ ರದ್ದಾಯಿತು. ಜನ ಓದಿಬಿಡುತ್ತಾರೆಂದು ಸರಕಾರ ಹೆದರಿದ್ದ ಪತ್ರಿಕೆಗಳನ್ನೇ, ಜನ ಓದಲಿ ಎಂದು ಕಾನೂನು ಮುಂದೆ ಹುಡುಕಿಕೊಂಡು ಬರಬೇಕಾಯಿತು. ಕನ್ನಡದ ಮಟ್ಟಿಗೆ ಹೇಳುವುದಾದರೆ, 1843ರಲ್ಲಿ ಮೋಗ್ಲಿಂಗ್ ಪಾದ್ರಿಗಳು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಡಿಸಿದ ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ದಲ್ಲಿಯೇ ಸರಕಾರದ ನಿರೂಪಗಳಿಗೆ ಸ್ಥಳವಿತ್ತು. ಯಾವ ಕಾಯಿದೆಯೂ ಹೇಳದೆ, ಓದುಗರಿಗೆ ಬೇಕಾದೀತೆಂದು ಹಾಕಿದ್ದು.

ಇನ್ನು ಕೋರ್ಟಿನ ಸಮನ್ಸಿನ ವಿಷಯ. ಪ್ರತಿವಾದಿ ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತಿದ್ದಾನೆಂದು ಕೋರ್ಟಿಗೆ ಮನದಟ್ಟಾದರೆ ಪತ್ರಿಕೆಯ ಮೂಲಕ ಜಾರಿ ಮಾಡಬಹುದು. ಇಲ್ಲಿ 1976ರ ತಿದ್ದುಪಡಿ ಬಹಳ ಎಚ್ಚರಿಕೆಯಿಂದ ಮಾತನಾಡಿದೆ. ಅದು ದಿನಪತ್ರಿಕೆಯೇ ಆಗಿರಬೇಕು. ಆ ವ್ಯಕ್ತಿ ಕೊನೆಯದಾಗಿ ನಿಜವಾಗಿ ವಾಸವಾಗಿದ್ದ, ಅಥವಾ ವ್ಯಾಪಾರ ಇಲ್ಲವೆ ಕೆಲಸ ಮಾಡುತ್ತಿದ್ದ ಊರಿನಲ್ಲಿ ಅದರ ಪ್ರಸಾರವಿರಬೇಕು. ಹುಬ್ಬಳ್ಳಿಯಲ್ಲಿದ್ದವನಿಗೆ ಮೈಸೂರಿನಲ್ಲಷ್ಟೇ ಮಾರಾಟವಾಗುವ ಪತ್ರಿಕೆಯಲ್ಲಿ ಸಮನ್ಸು ಕೊಟ್ಟರೆ ಸಲ್ಲದು. ಸಾಲಕ್ಕಾಗಿ ಸ್ವತ್ತನ್ನು ವಶಪಡಿಸಿಕೊಳ್ಳುವ ಬ್ಯಾಂಕುಗಳಿಗೂ 2002ರ ನಿಯಮಗಳು ಇಂತಹ ಕಟ್ಟಳೆಯನ್ನೇ ಹಾಕಿದವು: ವಶಕ್ಕೆ ತೆಗೆದುಕೊಂಡ ಏಳು ದಿನಗಳೊಳಗೆ ಎರಡು ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ಅವುಗಳಲ್ಲಿ ಒಂದು ಆ ಪ್ರದೇಶದಲ್ಲಿ ಸಾಕಷ್ಟು ಪ್ರಸಾರವುಳ್ಳ ದೇಶಭಾಷೆಯ ಪತ್ರಿಕೆ.

‘ನಾನು ಆ ಪತ್ರಿಕೆಯ ಚಂದಾದಾರನೇ ಅಲ್ಲ, ಹೇಗೆ ತಿಳಿಯಬೇಕು?’ ಎಂದು ತಾವು ಕೇಳಬಹುದು. ಕೇಳಿದವರಿದ್ದಾರೆ. 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಆ ಪ್ರದೇಶದಲ್ಲಿ ವ್ಯಾಪಕ ಪ್ರಸಾರವಿರುವ ಪತ್ರಿಕೆಯಲ್ಲಿ ಬಂದ ಮೇಲೆ, ನಾನು ಓದಲಿಲ್ಲವೆಂಬುದು ಉತ್ತರವಾಗದು ಎಂದಿತು. ಇನ್ನೊಂದು ತೀರ್ಪು 2010ರಲ್ಲಿ ತಮಿಳುನಾಡಿನ ಭೂಸ್ವಾಧೀನದ ಬಗ್ಗೆ ಬಂದಿತು. ಊರಿನಲ್ಲಿ ಪ್ರಸಾರವೇ ಇಲ್ಲದ ಪತ್ರಿಕೆಗಳಲ್ಲಿ ಅಧಿಸೂಚನೆ ಹಾಕಿದರೆ ಅದು ಪ್ರಕಟಣೆಯಲ್ಲ. ಹಾಗೆಂದು ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ ಪತ್ರಿಕೆಯೇ ಆಗಬೇಕೆಂದೇನೂ ಇಲ್ಲ. ಬೇರೆ ದಾರಿಯಿಂದ ವಿಷಯ ತಿಳಿದಿದ್ದವನು ಪತ್ರಿಕೆಯ ನೆಪವೊಡ್ಡಲಾರ. ಈ ಮಧ್ಯಮಮಾರ್ಗ ಅಧಿಕಾರಿಗಳಿಗೆ ತುಸು ಸಲಿಗೆ ಕೊಟ್ಟಿತೆಂದೇ ನನ್ನ ಅಭಿಪ್ರಾಯ. ವಿಷಯ ಮುಟ್ಟಿಸುವ ಹೊಣೆ ಸರಕಾರದ್ದು. ಮುಟ್ಟಲಿಲ್ಲವೆಂದು ಸಾಧಿಸುವ ಹೊಣೆಯನ್ನು ಜಮೀನು ಕಳೆದುಕೊಳ್ಳುವವನ ಹೆಗಲಿಗೆ ಏರಿಸುವುದು ಸುಲಭವಾಗಬಾರದು.

ಪ್ರಸಾರವಿದೆಯೆಂದು ತಿಳಿಯುವ ಬಗೆ ಹೇಗೆ? 1867ರ ಕಾಯಿದೆಯ ಪ್ರಕಾರ ಪತ್ರಿಕೆ ನಡೆಸುವವನು ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಮಾಡಬೇಕಿತ್ತು. ಸರಕಾರಕ್ಕೆ ಬೇಕಾಗಿದ್ದುದು ಅಚ್ಚು ಹಾಕಿದವನ ಹೆಸರು, ಓದುವವರ ಎಣಿಕೆಯಲ್ಲ. ಎಣಿಕೆಯ ಕೆಲಸ ಬಂದದ್ದು 1956ರಲ್ಲಿ ಪತ್ರಿಕೆಗಳ ರಿಜಿಸ್ಟ್ರಾರರ ಕಚೇರಿ ಸ್ಥಾಪನೆಯಾದ ಮೇಲೆ. 1867ರ ಕಾಯಿದೆ 2024ರ ಮಾರ್ಚ್ 1ರವರೆಗೆ ಬಾಳಿತು. ಅಂದಿನಿಂದ 2023ರ ಹೊಸ ಕಾಯಿದೆ ಅದರ ಸ್ಥಾನಕ್ಕೆ ಬಂದಿದೆ.

ಈಗ ಗೆಜೆಟ್ಟೂ ಕಾಗದವನ್ನು ಬಿಡುತ್ತಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ವಿದ್ಯುನ್ಮಾನ ಗೆಜೆಟ್ಟಿಗೂ ಅಚ್ಚಿನ ಗೆಜೆಟ್ಟಿನಷ್ಟೇ ಬೆಲೆ ಕೊಟ್ಟಿತು. ಆದರೂ 1894ರ ಕಾಯಿದೆಯ ಜಾಗದಲ್ಲಿ 2014ರ ಜನವರಿಯಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯಿದೆ ಹಳೆಯದೊಂದನ್ನೂ ಕೈಬಿಡಲಿಲ್ಲ. ಗೆಜೆಟ್ಟು, ಒಂದಾದರೂ ಪ್ರಾದೇಶಿಕ ಭಾಷೆಯದಾದ ಎರಡು ದಿನಪತ್ರಿಕೆಗಳು, ಸರಕಾರದ ಜಾಲತಾಣ, ಪಂಚಾಯಿತಿ ಅಥವಾ ಪುರಸಭೆಯಲ್ಲಿ ಸ್ಥಳೀಯ ಭಾಷೆಯ ಪ್ರಕಟಣೆ ಎಲ್ಲವೂ ಬೇಕು. ಆಕ್ಷೇಪಣೆಗೆ ಅರವತ್ತು ದಿನಗಳು.

ಈ ಪುಟಗಳನ್ನು ಓದುವ ಮನೆಗಳಲ್ಲಿ ರೇಡಿಯೋ ಇರುವುದರಿಂದ ಇನ್ನೊಂದು ಪ್ರಶ್ನೆ ಏಳುವುದು ಸಹಜ. ಅಷ್ಟು ಜನ ಕೇಳುವ ರೇಡಿಯೋದಲ್ಲಿ ಹೇಳಿದರೆ ಆಗದೆ? ಮೇಲೆ ಹೇಳಿದ ಭೂಸ್ವಾಧೀನದ ಕಲಮುಗಳಲ್ಲಾಗಲಿ ಸಮನ್ಸಿನ ನಿಯಮದಲ್ಲಾಗಲಿ ರೇಡಿಯೋದ ಹೆಸರಿಲ್ಲ. ಕೋರ್ಟಿಗೆ ಕಡತಕ್ಕೆ ಸೇರಿಸಲು ಒಂದು ಹಾಳೆ ಬೇಕು. ಗಾಳಿಯಲ್ಲಿ ಬಂದ ಮಾತಿಗೆ ದಿನಾಂಕ, ಪುಟ, ಕಾಲಂ ಇಲ್ಲವಲ್ಲ! ಆದರೆ ಕಾರ್ಖಾನೆ, ಗಣಿ, ಅಣೆಕಟ್ಟುಗಳಿಗೆ ಪರಿಸರದ ಅನುಮತಿ ಕೊಡುವ ಮೊದಲು ಜನರ ಅಹವಾಲು ಕೇಳಬೇಕೆಂಬ 2006ರ ಸೆಪ್ಟೆಂಬರಿನ ಅಧಿಸೂಚನೆಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿದೆ. ಅಹವಾಲಿನ ಸಭೆಯನ್ನು ಒಂದು ರಾಷ್ಟ್ರೀಯ ದಿನಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ ಮೂವತ್ತು ದಿನ ಕೊಡಬೇಕೆಂದು ಹೇಳಿ, ಪತ್ರಿಕೆಗಳು ಮುಟ್ಟದ ಸ್ಥಳಗಳಲ್ಲಿ ಡಂಗುರ ಹೊಡೆಸಿ, ರೇಡಿಯೋ, ದೂರದರ್ಶನಗಳಲ್ಲಿ ಸಾರಿ ತಿಳಿಸತಕ್ಕದ್ದೆಂದು ಆ ಅಧಿಸೂಚನೆ ಮುಂದುವರಿಯುತ್ತದೆ. ತಳವಾರನ ತಮಟೆಯೂ ತಮ್ಮ ಮನೆಯ ರೇಡಿಯೋ ಪೆಟ್ಟಿಗೆಯೂ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಕುಳಿತಿವೆ.