ನಮ್ಮ ಕಾಲಡಿಯ ಕರಿಕಲ್ಲು: ಇಂಗಾಲದ ಭೂಗರ್ಭ ಸಂಗ್ರಹ ಮತ್ತು ಸಂಶೋಧನಾ ಅನುದಾನ

ಭೋಸರಿಯಲ್ಲಿ ಮನೆ ಕಟ್ಟಿಸಲು ಪಾಯ ತೋಡಿಸಿದವರಿಗೆ ನೆಲದಡಿಯ ಕರಿಕಲ್ಲಿನ ಪರಿಚಯ ಇದ್ದೇ ಇರುತ್ತದೆ. ವಿಜಯಪುರದ ಗೋಲಗುಂಬಜವನ್ನು ಕಟ್ಟಿದ್ದೂ ಇದೇ ಜಾತಿಯ ಕಲ್ಲಿನಿಂದ. ಭೂವಿಜ್ಞಾನಿಗಳು ಇದನ್ನು ಬಸಾಲ್ಟ್ ಎನ್ನುತ್ತಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದ ಲಾವಾರಸವು ತಣಿದು ರೂಪುಗೊಂಡ ಈ ಶಿಲಾಸ್ತರವು ಸುಮಾರು 5 ಲಕ್ಷ ಚದರ ಕಿಲೋಮೀಟರುಗಳಷ್ಟು ಹಬ್ಬಿದೆ. ಮಹಾರಾಷ್ಟ್ರದ ಬಹುಭಾಗವೂ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳ ಹಲವು ತಾಲ್ಲೂಕುಗಳೂ ಇದರ ಮೇಲಿವೆ. ನಾವು ಬಿಟ್ಟು ಬಂದ ಊರಿನ ಎರೆಹೊಲದ ಅಡಿಯಲ್ಲಿಯೂ ಇಲ್ಲಿನ ಕಾರ್ಖಾನೆಗಳ ಅಡಿಯಲ್ಲಿಯೂ ಇರುವುದು ಒಂದೇ ಕಲ್ಲು. ಕಾರ್ಖಾನೆಗಳ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಈ ಕಲ್ಲಿನೊಳಗೆ ಶಾಶ್ವತವಾಗಿ ಇರಿಸಬಹುದೇ ಎಂಬುದು ಇಂದಿನ ಪ್ರಶ್ನೆ.

ಅನಿಲವು ಕಲ್ಲಾಗುವ ಬಗೆ

ಬಸಾಲ್ಟಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಕಬ್ಬಿಣದ ಅಂಶಗಳು ಹೇರಳವಾಗಿವೆ. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡು ಸೌಮ್ಯ ಆಮ್ಲವಾಗಿ ಈ ಲೋಹಾಂಶಗಳನ್ನು ಬಿಡಿಸಿಕೊಂಡು, ಅವುಗಳೊಡನೆ ಕೂಡಿ ಸುಣ್ಣಕಲ್ಲಿನಂತಹ ಕಾರ್ಬೊನೇಟ್ ಖನಿಜವಾಗುತ್ತದೆ. ಕಲ್ಲಾದ ಅನಿಲ ಸೋರುವುದಿಲ್ಲ.

ಐಸ್‌ಲೆಂಡಿನ ಹೆಲ್ಲಿಶೈದಿ ಎಂಬಲ್ಲಿ 2012ರಲ್ಲಿ ಕಾರ್ಬ್‌ಫಿಕ್ಸ್ ಯೋಜನೆಯವರು ಇದನ್ನು ಪ್ರಯೋಗಿಸಿ ನೋಡಿದರು. ಇಳಿಸಿದ ಅನಿಲದಲ್ಲಿ ಶೇಕಡಾ 95ಕ್ಕೂ ಹೆಚ್ಚು ಪಾಲು ಎರಡು ವರ್ಷಗಳೊಳಗೆ ಖನಿಜವಾಯಿತೆಂದು 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿಯಾಯಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಗ್ರಾಮೀಣ ಪ್ರದೇಶವಾದ ವಲ್ಲೂಲದಲ್ಲಿ, ಅಲ್ಲಿನ ಇಂಧನ ಇಲಾಖೆಯ ಧನಸಹಾಯದಿಂದ 2013ರಲ್ಲಿ ಸುಮಾರು ಸಾವಿರ ಟನ್ ಅನಿಲವನ್ನು 800 ಮೀಟರಿಗಿಂತ ಆಳದ ಬಸಾಲ್ಟಿಗೆ ಇಳಿಸಲಾಯಿತು. ಮುಂದೆ ಅಲ್ಲಿಂದ ಕೊರೆದು ತೆಗೆದ ಶಿಲೆಯಲ್ಲಿ ಹೊಸ ಕಾರ್ಬೊನೇಟ್ ಹರಳುಗಳು ದೊರೆತವು.

ನಮ್ಮ ದೇಶದಲ್ಲಿ

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ಎನ್.ಟಿ.ಪಿ.ಸಿ. ಮತ್ತು ಅಮೆರಿಕದ ಪ್ರಯೋಗಾಲಯವೊಂದರ ಸಹಯೋಗದಲ್ಲಿ ದಖನ್ನಿನ ಬಸಾಲ್ಟನ್ನು ಈ ದೃಷ್ಟಿಯಿಂದ 2000ರ ದಶಕದಲ್ಲಿಯೇ ಪರಿಶೀಲಿಸಲಾರಂಭಿಸಿತು. 2022ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನಿಂದ ಇಂಗಾಲದ ಸೆರೆ ಮತ್ತು ಬಳಕೆಯ ಎರಡು ರಾಷ್ಟ್ರೀಯ ಕೇಂದ್ರಗಳು ರೂಪುಗೊಂಡವು: ಒಂದು ಮುಂಬಯಿಯ ಐ.ಐ.ಟಿ.ಯಲ್ಲಿ, ಇನ್ನೊಂದು ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ.

ಭಾರತದ ಬಸಾಲ್ಟಿನಲ್ಲಿ 97ರಿಂದ ಸುಮಾರು 315 ಶತಕೋಟಿ ಟನ್ನುಗಳವರೆಗೆ ಇಂಗಾಲದ ಡೈಆಕ್ಸೈಡನ್ನು ಇರಿಸಬಹುದೆಂಬುದು ಸಂಶೋಧಕರ ಅಂದಾಜು. ಕನಿಷ್ಠಕ್ಕೂ ಗರಿಷ್ಠಕ್ಕೂ ಮೂರು ಪಟ್ಟು ಅಂತರ! ಬ್ಯಾಂಕಿನಲ್ಲಿ ಇಂತಹ ಲೆಕ್ಕ ಬಂದರೆ ನಾವು ಕಡತವನ್ನು ಮರಳಿಸುತ್ತೇವೆ. ಇಲ್ಲಿ ಮರಳಿಸಬೇಕಾದುದು ನೆಲದ ಬಳಿಗೇ. ಕೊರೆದು, ಅಳೆದು, ಪರೀಕ್ಷಿಸಿ ಈ ಅಂತರವನ್ನು ಕಿರಿದುಗೊಳಿಸುವುದಕ್ಕಾಗಿಯೇ ಅನುದಾನ ಬೇಕು.

ಊರಿನಿಂದೂರಿಗೆ ವ್ಯತ್ಯಾಸ

ಕರಿಮಣ್ಣು ಕಂಡಲ್ಲೆಲ್ಲ ಈ ಕೆಲಸ ಸಾಧ್ಯವಿಲ್ಲ. 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಕೊರೆದಾಗ ಬಸಾಲ್ಟ್ ಸುಮಾರು 338 ಮೀಟರಿಗೇ ಮುಗಿಯಿತು. ಅನಿಲವು ದ್ರವದಂತೆ ದಟ್ಟವಾಗಿ ಉಳಿಯಲು ಸುಮಾರು 800 ಮೀಟರ್ ಆಳ ಬೇಕು. ಕೊಯ್ನಾದಲ್ಲಿ ಕಲ್ಲಿನ ದಪ್ಪ ಸುಮಾರು 1,250 ಮೀಟರ್ ಇದೆ. ಆದರೆ 1967ರ ಡಿಸೆಂಬರ್ 11ರ ಭೂಕಂಪವನ್ನು ಕಂಡ, ಇಂದಿಗೂ ಆಗಾಗ್ಗೆ ನಡುಗುವ ಆ ನೆಲದಲ್ಲಿ ಒತ್ತಡ ಹಾಕಿ ಅನಿಲ ಇಳಿಸುವ ಮುನ್ನ ನೂರು ಬಾರಿ ಯೋಚಿಸಬೇಕು.

ಇನ್ನು ನೀರಿನ ಮಾತು. ಐಸ್‌ಲೆಂಡಿನ ವಿಧಾನದಲ್ಲಿ ಒಂದು ಟನ್ ಅನಿಲವನ್ನು ಕರಗಿಸಲು ಸುಮಾರು 25 ಟನ್, ಅಂದರೆ 25 ಸಾವಿರ ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕೊಡ ಹಿಡಿದು ನಿಲ್ಲುವ ಸೊಲ್ಲಾಪುರ, ವಿಜಯಪುರ ಸೀಮೆಯ ಹಳ್ಳಿಗಳಿಗೆ ಇದು ಚಿಕ್ಕ ಸಂಗತಿಯಲ್ಲ. ವಲ್ಲೂಲದಲ್ಲಿ ನೀರಿಲ್ಲದೆ ಅನಿಲವನ್ನೇ ಇಳಿಸಿದರು. ಆದರೆ ಆ ವಿಧಾನಕ್ಕೆ ಮೇಲಣ ಪದರವು ಬಿರುಕಿಲ್ಲದೆ ಮುಚ್ಚಳದಂತಿರಬೇಕು. ನಮ್ಮ ಬಾವಿಗಳಿಗೆ ನೀರು ಬರುವುದೂ ಈ ಕಲ್ಲಿನ ಬಿರುಕುಗಳಿಂದಲೇ. ಆದಕಾರಣ ಕುಡಿಯುವ ನೀರಿನ ಸ್ತರ ಎಲ್ಲಿ ಮುಗಿಯುತ್ತದೆ, ಮುಚ್ಚಳದ ಪದರ ಎಲ್ಲಿದೆ ಎಂಬುದು ಮೊದಲು ತಿಳಿಯಬೇಕು.

ನಾವು ಕೇಳಬೇಕಾದುದು

ಅಧ್ಯಯನಕ್ಕೆ ದೊರೆಯುವ ಅನುದಾನವು ಅನಿಲ ಹೂಳಲು ದೊರೆತ ಅನುಮತಿಯಲ್ಲ. ಈ ಭೇದವನ್ನು ಊರಿನ ಬಂಧುಗಳಿಗೆ ತಿಳಿಸಿ ಹೇಳುವುದು ಓದುಬರಹ ಬಲ್ಲ ನಮ್ಮ ಕರ್ತವ್ಯ. ಸಾಲಕ್ಕೆ ಬಡ್ಡಿಸಹಿತ ಮರುಪಾವತಿಯುಂಟು; ಅನುದಾನಕ್ಕೆ ಮರುಪಾವತಿಯೆಂದರೆ ತಿಳಿವಳಿಕೆಯೇ. ಹೊಲದಲ್ಲಿ ಕೊರೆಯುವ ಯಂತ್ರ ಬಂದು ನಿಂತರೆ ಓಡಿಸುವುದೂ ಬೇಡ, ಕಣ್ಣು ಮುಚ್ಚಿ ಸಹಿ ಹಾಕುವುದೂ ಬೇಡ. ಕೆಲಸಕ್ಕೆ ಮುಂಚೆ ನಮ್ಮ ಬಾವಿಗಳ ನೀರನ್ನು ಪರೀಕ್ಷಿಸಿದ್ದೀರಾ, ಮುಂದೆ ಎಷ್ಟು ವರ್ಷ ಪರೀಕ್ಷಿಸುವಿರಿ, ತೊಂದರೆಯಾದರೆ ಹೊಣೆ ಯಾರದು, ವರದಿ ಗ್ರಾಮ ಪಂಚಾಯಿತಿಗೆ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ದೊರೆಯುವುದೇ ಎಂಬ ನಾಲ್ಕು ಪ್ರಶ್ನೆ ಕೇಳಿದರೆ ಸಾಕು.

ಠೇವಣಿ ಇಡುವವರು ಬೇರೆ, ಅದನ್ನು ತಮ್ಮ ನೆಲದಲ್ಲಿ ಕಾಯುವವರು ಬೇರೆ. ಕಾಯುವವರ ಕೈಗೆ ರಸೀದಿಯಾದರೂ ಬರಬೇಕಲ್ಲವೇ?