ಕಡತದ ಮೇಲಿನ ಅಕ್ಷರ: 1823ರ ಬಳ್ಳಾರಿಯಲ್ಲಿ ಮಕ್ಕಳು ಓದು ಕಲಿತ ಬಗೆ

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಕೈಕೆಳಗಿನ ಕಲೆಕ್ಟರುಗಳಿಗೆಲ್ಲ ಒಂದು ಪ್ರಶ್ನೆ ಕೇಳಿದ. ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಯಾರು ಓದುತ್ತಾರೆ, ಏನು ಓದುತ್ತಾರೆ? ಬಹುಪಾಲು ಉತ್ತರಗಳು ಅಂಕಿಪಟ್ಟಿಯ ರೂಪದಲ್ಲಿ ಬಂದವು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟ್ 17ರಂದು ಸುದೀರ್ಘ ವರದಿಯನ್ನೇ ಬರೆದು ಕಳಿಸಿದ. ಅವನು ತೆಲುಗು ವ್ಯಾಕರಣ ಬರೆದಿದ್ದ ಮನುಷ್ಯ. ನುಡಿ ಕಲಿಯುವುದು, ಕಲಿಸುವುದು ಎಂದರೇನೆಂದು ಬಲ್ಲವನು. ಹಾಗಾಗಿಯೇ ಇರಬೇಕು, ಎಷ್ಟು ಮಕ್ಕಳು ಎಂಬುದರ ಜೊತೆಗೆ ಆ ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದನ್ನೂ ಅವನು ದಾಖಲಿಸಿದ.

1983ರಲ್ಲಿ ಧರ್ಮಪಾಲರು ‘ದಿ ಬ್ಯೂಟಿಫುಲ್ ಟ್ರೀ’ ಪುಸ್ತಕದಲ್ಲಿ ಈ ದಾಖಲೆಗಳನ್ನು ಪ್ರಕಟಿಸಿದ ಮೇಲೆ ಕ್ಯಾಂಪ್‌ಬೆಲ್ ವರದಿ ಮತ್ತೆ ಚರ್ಚೆಗೆ ಬಂತು. ಬ್ರಿಟಿಷರು ಬರುವ ಮುಂಚೆಯೇ ನಮ್ಮಲ್ಲಿ ಶಿಕ್ಷಣ ಹರಡಿತ್ತೇ ಇಲ್ಲವೇ ಎಂಬ ವಾದದಲ್ಲಿ ಎರಡೂ ಕಡೆಯವರು ಅದರ ಅಂಕಿಗಳನ್ನು ಎಳೆದಾಡಿದ್ದಾರೆ. ಆ ವಾದ ಮುಖ್ಯವಾದದ್ದೇ. ಆದರೆ ಈ ವರದಿಯನ್ನು ಓದುವಾಗಲೆಲ್ಲ ನನ್ನ ಗಮನ ಅಂಕಿಗಳಿಂದ ಜಾರಿ ಒಂದು ಸಣ್ಣ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಐದು ವರ್ಷದ ಮಗು ಅಲ್ಲಿ ಓದು ಕಲಿತದ್ದು ಹೇಗೆ?

ಮಗುವಿಗೆ ಐದು ತುಂಬಿದಾಗ ಅಯ್ಯನವರೂ ಶಾಲೆಯ ಮಕ್ಕಳೂ ಅದರ ಮನೆಗೆ ಬರುತ್ತಿದ್ದರು. ಗಣೇಶನ ಮೂರ್ತಿಯ ಸುತ್ತ ಕೂತು, ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರನ್ನು ಬರೆಸುತ್ತಿದ್ದರು. ಮರುದಿನದಿಂದ ಶಾಲೆ. ಬೆಳಗಿನ ಆರಕ್ಕೆ ಬಾಗಿಲು ತೆರೆಯುತ್ತಿತ್ತು. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನ ಅಂಗೈ ಮೇಲೆ ಸೊನ್ನೆ. ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏಟು ಹೆಚ್ಚು. ಸೋಮಾರಿಗಳನ್ನು ಕೈಕಟ್ಟಿ ಮಾಳಿಗೆಗೆ ನೇತುಹಾಕುವ ಶಿಕ್ಷೆಯೂ ಇತ್ತು. ಹಳೆಯ ಶಾಲೆಯನ್ನು ನೆನೆದು ಮರುಗುವವರು ಈ ಸಾಲುಗಳನ್ನೂ ಓದಬೇಕು.

ಮೊದಲ ಪಾಠ ನೆಲದ ಮರಳಿನಲ್ಲಿ. ಬೆರಳಿನಿಂದ ಅಕ್ಷರ ತಿದ್ದುವುದು. ಯುರೋಪಿನಲ್ಲಿ ಮಕ್ಕಳು ಅಕ್ಷರಗಳ ಹೆಸರು ಹೇಳಿ ಕಲಿಯುತ್ತಾರೆ, ಇಲ್ಲಿ ಬರೆದು ಕಲಿಯುತ್ತಾರೆ ಎಂಬ ವ್ಯತ್ಯಾಸವನ್ನು ಕ್ಯಾಂಪ್‌ಬೆಲ್ ಗುರುತಿಸಿದ. ಈ ಕ್ರಮ ನಮ್ಮ ಲಿಪಿಗೆ ಒಪ್ಪುವಂಥದ್ದು. ಕನ್ನಡದಲ್ಲಿ ಅಕ್ಷರದ ಹೆಸರೂ ಅದರ ಉಚ್ಚಾರವೂ ಬಹುಮಟ್ಟಿಗೆ ಒಂದೇ, ಅದನ್ನು ಬೇರೆ ಬೇರೆಯಾಗಿ ಕಲಿಯಬೇಕಿಲ್ಲ. ಕಷ್ಟವಿರುವುದು ಆಕಾರಗಳಲ್ಲಿ. ‘ವ’ಕ್ಕೂ ‘ಮ’ಕ್ಕೂ, ‘ಪ’ಕ್ಕೂ ‘ಷ’ಕ್ಕೂ, ‘ಥ’ಕ್ಕೂ ‘ಧ’ಕ್ಕೂ ಇರುವ ಅಂತರ ಒಂದು ಗೆರೆಯದ್ದು, ಒಂದು ಸುರುಳಿಯದ್ದು. ಮೂವತ್ತನಾಲ್ಕು ವ್ಯಂಜನಗಳಿಗೂ ಕಾಗುಣಿತ ಕಟ್ಟಿದರೆ ನಾನೂರು ದಾಟುವ ರೂಪಗಳಾಗುತ್ತವೆ, ಅದರ ಮೇಲೆ ಒತ್ತಕ್ಷರ ಬೇರೆ. ಕಣ್ಣಿಗೆ ತಪ್ಪುವ ಆ ಅಂತರವನ್ನು ಬೆರಳು ಹಿಡಿದಿಟ್ಟುಕೊಳ್ಳುತ್ತದೆ.

ಮರಳಿನಲ್ಲಿ ಕೈ ಪಳಗಿದ ಮೇಲೆ ಹಲಿಗೆ ಅಥವಾ ಕಡತ ಸಿಗುತ್ತಿತ್ತು. ಹಲಿಗೆ ಎಂದರೆ ಅನ್ನ ಮತ್ತು ಇದ್ದಿಲ ಪುಡಿ ಬಳಿದ ಮರದ ಪಟ್ಟಿ. ಕಡತ ಎಂದರೆ ಗಂಜಿಯಲ್ಲಿ ಬಿರುಸಾಗಿಸಿ, ಪುಸ್ತಕದಂತೆ ಮಡಚಿ, ಇದ್ದಿಲು ಮತ್ತು ಅಂಟು ಬಳಿದ ಬಟ್ಟೆ. ಬಳಪದಲ್ಲಿ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಇವತ್ತು ಕಡತವೆಂದರೆ ಸರ್ಕಾರಿ ಕಚೇರಿಯ ಫೈಲು. ಒಂದು ಕಾಲಕ್ಕೆ ಆ ಮಾತು ಮಕ್ಕಳ ಕೈಯಲ್ಲೂ ಇತ್ತು.

ಮೇಲಿನ ತರಗತಿಯ ಹುಡುಗರು ಕೆಳಗಿನವರಿಗೆ ಕಲಿಸುತ್ತಿದ್ದರು. ಈ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಹೊಗಳಿದ, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎಂದ. ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್, ಸ್ಥಳೀಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿ ಅದನ್ನು ಅಳವಡಿಸಿದ್ದ. ಹಿರಿಯ ಮಕ್ಕಳಿಂದ ಕಿರಿಯರಿಗೆ ಪಾಠ ಹೇಳಿಸುತ್ತಿದ್ದ. 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಅದೇ ಮುಂದೆ ಇಂಗ್ಲೆಂಡಿನಲ್ಲಿ ‘ಮದರಾಸು ಪದ್ಧತಿ’ ಎಂದು ಹೆಸರಾಯಿತು.

ಇನ್ನು ಓದಿನ ವಿಷಯ. ಕಾಗುಣಿತ, ಒತ್ತಕ್ಷರ ಮುಗಿದ ಮೇಲೆ ಮಕ್ಕಳ ಮುಂದೆ ಎರಡು ದಾರಿಗಳಿದ್ದವು ಎಂಬುದು ವರದಿಯಿಂದ ನನಗೆ ಕಾಣುವ ಮುಖ್ಯ ಸಂಗತಿ. ಮೊದಲನೆಯದು ಬದುಕಿನ ಓದು: ಜನರ ಹೆಸರು, ಊರ ಹೆಸರು, ಪ್ರಾಣಿಗಳ ಹೆಸರು ಬರೆಯುವುದು, ಲೆಕ್ಕ, ಮಗ್ಗಿ. ಆಮೇಲೆ ಅಯ್ಯನವರು ಎಲ್ಲೆಲ್ಲಿಂದಲೋ ತಂದ ಕಾಗದಪತ್ರಗಳನ್ನು ಕೊಟ್ಟು ಬೇರೆ ಬೇರೆ ಕೈಬರಹ ಓದಿಸುತ್ತಿದ್ದರು. ಎರಡನೆಯದು ಕಾವ್ಯದ ಓದು: ರಾಮಾಯಣ, ಮಹಾಭಾರತ, ಭಾಗವತ ಎಲ್ಲರಿಗೂ, ಲಿಂಗಾಯತ ಮಕ್ಕಳಿಗೆ ಬಸವಪುರಾಣ, ಗಿರಿಜಾಕಲ್ಯಾಣ, ಚನ್ನಬಸವೇಶ್ವರ ಪುರಾಣದಂಥವು. ಈ ಎರಡನೆಯ ದಾರಿಯ ಬಗ್ಗೆ ಕ್ಯಾಂಪ್‌ಬೆಲ್ ಕಟುವಾಗಿ ಬರೆದ. ಪುಸ್ತಕದ ಭಾಷೆ ಮಾತಿನ ಭಾಷೆಯಲ್ಲ, ಹುಡುಗರು ಪದ್ಯಗಳನ್ನು ಗಿಳಿಪಾಠ ಒಪ್ಪಿಸುತ್ತಾರೆಯೇ ಹೊರತು ಅರ್ಥ ತಿಳಿಯುವುದಿಲ್ಲ ಎಂಬುದು ಅವನ ದೂರು.

ಈ ದೂರನ್ನು ನಾನು ಅರ್ಧ ಒಪ್ಪುತ್ತೇನೆ. ಕಂಠಪಾಠವೆಲ್ಲ ಪೊಳ್ಳು ಎನ್ನಲಾಗದು. ಒಬ್ಬರು ಓದಿ ಇನ್ನೊಬ್ಬರು ಅರ್ಥ ಹೇಳುವ ಪುರಾಣಶ್ರವಣ ನಮ್ಮ ಊರುಗಳಲ್ಲಿ ಇತ್ತು. ಬಾಯಿಗೆ ಇಂದು ಬಂದ ಪದ್ಯಕ್ಕೆ ಅರ್ಥ ಹತ್ತು ವರ್ಷದ ಮೇಲೆ, ಗುಡಿಯ ಕಟ್ಟೆಯಲ್ಲೋ ಮಠದಲ್ಲೋ ಸಿಗಬಹುದಿತ್ತು. ಆದರೆ ಹಾಗೆ ಕಾಯುವ ಭಾಗ್ಯ ಎಲ್ಲರಿಗೂ ಇರಲಿಲ್ಲ. ಕೆಲವರು ಹದಿನಾಲ್ಕು ಹದಿನೈದು ವರ್ಷ ಓದಿದರೆ, ಬಡವರ ಮಕ್ಕಳು ಐದೇ ವರ್ಷಕ್ಕೆ ಶಾಲೆ ಬಿಡುತ್ತಿದ್ದರು ಎಂದು ಅದೇ ವರದಿ ಹೇಳುತ್ತದೆ. ಹತ್ತು ವರ್ಷಕ್ಕೆ ಹೊಲಕ್ಕೋ ಮಗ್ಗಕ್ಕೋ ಹೋದ ಹುಡುಗನ ಕೈಯಲ್ಲಿ ಉಳಿದದ್ದು ಮೊದಲ ದಾರಿಯ ಓದು. ಊರ ಹೆಸರು, ಸಾಲದ ಲೆಕ್ಕ, ಯಾರೋ ಬರೆದ ಕಾಗದ. ಕಡಿಮೆ ಕಾಲ ಇರುವ ಮಗುವಿಗೆ ಅರ್ಥವುಳ್ಳ ಓದನ್ನು ಮೊದಲು ಕೊಡಬೇಕು ಎಂಬ ತಿಳಿವಳಿಕೆ ಆ ಅಯ್ಯನವರ ರೂಢಿಯಲ್ಲೇ ಇತ್ತು. ಪುಸ್ತಕಗಳ ಪಟ್ಟಿಯತ್ತ ನೋಡುತ್ತಿದ್ದ ಕಲೆಕ್ಟರ್ ಅದಕ್ಕೆ ಬೆಲೆ ಕಟ್ಟಲಿಲ್ಲ.

ಈಗ ಅಂಕಿಗಳಿಗೆ ಬರೋಣ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರವೂ ಸೇರಿತ್ತು. ಜನಸಂಖ್ಯೆ 9,27,857. ಶಾಲೆಗಳು 533, ಕನ್ನಡದವು 235, ತೆಲುಗಿನವು 226. ವಿದ್ಯಾರ್ಥಿಗಳು 6,641, ಸಾವಿರ ಜನಕ್ಕೆ ಏಳರ ಆಸುಪಾಸು. ಹುಡುಗರಲ್ಲಿ ಬ್ರಾಹ್ಮಣರು 1,185. ಶೂದ್ರರೆಂದು ನಮೂದಾದವರು 2,998. ಓದು ಒಂದೇ ಜಾತಿಯ ಸೊತ್ತಾಗಿತ್ತು ಎಂಬ ಮಾತು ಈ ಪಟ್ಟಿಯ ಮುಂದೆ ನಿಲ್ಲುವುದಿಲ್ಲ. ಓದು ಎಲ್ಲರದಾಗಿತ್ತು ಎಂಬ ಮಾತೂ ನಿಲ್ಲುವುದಿಲ್ಲ, ಏಕೆಂದರೆ ಹುಡುಗಿಯರು ಇಡೀ ಜಿಲ್ಲೆಗೆ ಕೇವಲ 60. ಜನ ಬಡವಾಗುತ್ತಿದ್ದಾರೆ, ಯುರೋಪಿನ ಬಟ್ಟೆ ಬಂದು ನೇಕಾರರು ಕೆಟ್ಟರು, ಹಿಂದೆ ಶಾಲೆಯಿದ್ದ ಊರುಗಳಲ್ಲಿ ಈಗ ಶಾಲೆಯಿಲ್ಲ ಎಂದು ಕ್ಯಾಂಪ್‌ಬೆಲ್ ಬರೆದ. ಇಷ್ಟು ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆಂದು ಹೇಳಲು ನಾಚಿಕೆಯಾಗುತ್ತದೆ ಎಂದೂ ಒಪ್ಪಿಕೊಂಡ.

ಇಂದು ಸರ್ಕಾರಿ ಶಾಲೆಯ ಒಂದನೇ ತರಗತಿಯಲ್ಲಿ ಅಕ್ಷರಮಾಲೆ ಅ, ಆ, ಇ, ಈ ಎಂದು ಆರಂಭವಾಗುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿಕಲಿಯಲ್ಲಿ ಮಕ್ಕಳು ಮೊದಲು ಕಲಿಯುವುದು ರ, ಗ, ಸ, ದ, ಅ. ಕಾರಣ ಸರಳ. ಈ ಐದೇ ಅಕ್ಷರ ಬಂದರೆ ಸರ, ಅಗಸ, ಅರಸ, ಗರಗಸ ಎಂದು ಓದಬಹುದು. ವರ್ಣಮಾಲೆಯ ಕೊನೆ ಮುಟ್ಟುವವರೆಗೆ ಅರ್ಥ ಕಾಯಬೇಕಿಲ್ಲ. ಹೊಸ ಪದ್ಧತಿ ಹಳೆಯದನ್ನು ಒರೆಸಿಹಾಕಿತು ಎಂದು ಕೆಲವು ಹಿರಿಯರು ಬೇಸರಿಸುತ್ತಾರೆ. ಮರಳಿನಲ್ಲಿ ತಿದ್ದಿದ ಬೆರಳು, ಹಿರಿಯ ಮಗು ಕಿರಿಯದಕ್ಕೆ ಹೇಳುವ ಪಾಠ, ಊರಿನ ಹೆಸರಿನಿಂದ ತೊಡಗುವ ಓದು, ಇವನ್ನು ನೆನೆದಾಗ ನನಗೆ ಹಾಗನ್ನಿಸುವುದಿಲ್ಲ. ಇಂದಿನ ತರಗತಿಯನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ಐದನೇ ವರ್ಷಕ್ಕೆ ಶಾಲೆ ಬಿಡಬೇಕಾಗಿ ಬಂದ ಮಗು ಅಷ್ಟರೊಳಗೆ ತನ್ನ ಮನೆಗೆ ಬಂದ ಒಂದು ಕಾಗದವನ್ನು ಓದಿ, ಅದರಲ್ಲೇನಿದೆ ಎಂದು ಅವ್ವನಿಗೆ ಹೇಳಬಲ್ಲದೇ?