ಗಂಡ ಹೇಳಿದ ಕತೆ: ‘ಡೋಂ ಕಾಸ್ಮುರ್ರೊ’ ಮತ್ತು ಅದರ ಓದುಗರು

ಬ್ರೆಜಿಲ್ ಸಾಹಿತ್ಯದಲ್ಲಿ ಕಪಿತೂ ಎಂಬ ಹೆಂಗಸಿನ ಮೇಲೆ ಒಂದು ಆರೋಪವಿದೆ. ಗಂಡನ ಆಪ್ತ ಗೆಳೆಯನೊಂದಿಗೆ ಆಕೆಗೆ ಸಂಬಂಧವಿತ್ತು, ಹುಟ್ಟಿದ ಮಗ ಆ ಗೆಳೆಯನದು ಎಂಬುದು ಆರೋಪ. ಹೊರಿಸಿದವನು ಗಂಡ. 1899ರಲ್ಲಿ ಅಚ್ಚಾದ ‘ಡೋಂ ಕಾಸ್ಮುರ್ರೊ’ ಕಾದಂಬರಿಯ ನಿರೂಪಕನೂ ಅವನೇ. ಸುಮಾರು ಅರವತ್ತು ವರ್ಷ ಬಹುಪಾಲು ಓದುಗರು, ವಿಮರ್ಶಕರು ಅವನ ಮಾತನ್ನು ನಂಬಿದರು. ಆಮೇಲೆ ಆ ನಂಬಿಕೆ ಸಡಿಲವಾಯಿತು. ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಹಾಗಾದರೆ ಬದಲಾದದ್ದೇನು? ನಿರೂಪಕನನ್ನು ಎಷ್ಟು ನಂಬಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಕಾದಂಬರಿಯ ಓದಿನ ಚರಿತ್ರೆ.

ಬರೆದವರು ಮಶಾದೊ ದೆ ಅಸೀಸ್ (1839–1908). ರಿಯೊ ದಿ ಜನೈರೊದ ಗುಡ್ಡವೊಂದರ ಮೇಲೆ ಬಡ ಕುಟುಂಬದಲ್ಲಿ ಹುಟ್ಟಿದವರು. ತಂದೆ ಗುಲಾಮರಾಗಿದ್ದವರ ವಂಶದವರು, ಮನೆಗಳಿಗೆ ಬಣ್ಣ ಬಳಿದು ಜೀವನ ಸಾಗಿಸಿದವರು. ಮಶಾದೊ ಯೌವನದಲ್ಲಿ ಅಚ್ಚುಕೂಟದಲ್ಲಿ ದುಡಿದು, ಆಮೇಲೆ ದಶಕಗಳ ಕಾಲ ಸರ್ಕಾರಿ ನೌಕರಿ ಮಾಡಿದರು. 1897ರಲ್ಲಿ ಬ್ರೆಜಿಲ್‌ನ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದರು. 1881ರಲ್ಲಿ ಪುಸ್ತಕವಾಗಿ ಬಂದ ಅವರ ಇನ್ನೊಂದು ಕಾದಂಬರಿಯಲ್ಲಿ ಬ್ರಾಸ್ ಕುಬಾಸ್ ಎಂಬವನು ಸತ್ತ ಮೇಲೆ ತನ್ನ ಕತೆಯನ್ನು ತಾನೇ ಹೇಳುತ್ತಾನೆ. ನಿರೂಪಕನೊಂದಿಗೆ ಇಂಥ ಆಟಗಳನ್ನು ಆಡಿ ಪಳಗಿದ ಲೇಖಕ ಇವರು ಎಂಬುದನ್ನು ಓದುಗರು ಆಗಲೇ ಬಲ್ಲವರಾಗಿದ್ದರು.

ಕತೆ ಹೀಗಿದೆ. ಬೆಂತೊ ಸಾಂತಿಯಾಗೊ ಸಿರಿವಂತ ವಿಧವೆಯ ಒಬ್ಬನೇ ಮಗ. ಅವನನ್ನು ಪಾದ್ರಿ ಮಾಡುತ್ತೇನೆಂದು ತಾಯಿ ದೇವರಿಗೆ ಹರಕೆ ಹೊತ್ತಿದ್ದಾಳೆ. ಅವನಿಗೆ ಬೇಕಾದವಳು ಪಕ್ಕದ ಮನೆಯ ಕಪಿತೂ. ಪಾದ್ರಿ ಶಾಲೆಯಲ್ಲಿ ಸಿಕ್ಕ ಗೆಳೆಯ ಎಸ್ಕೊಬಾರ್ ಹರಕೆಯಿಂದ ಪಾರಾಗುವ ಉಪಾಯ ಹೇಳಿಕೊಡುತ್ತಾನೆ. ಬೆಂತೊ ಕಾನೂನು ಓದಿ ವಕೀಲನಾಗುತ್ತಾನೆ, ಕಪಿತೂವನ್ನು ಮದುವೆಯಾಗುತ್ತಾನೆ. ಎಜೆಕಿಯೆಲ್ ಹುಟ್ಟುತ್ತಾನೆ. ಒಂದು ದಿನ ಎಸ್ಕೊಬಾರ್ ಸಮುದ್ರದಲ್ಲಿ ಈಜಲು ಹೋಗಿ ಮುಳುಗಿ ಸಾಯುತ್ತಾನೆ. ಹೆಣದ ಮುಂದೆ ನಿಂತ ಕಪಿತೂ ಅದನ್ನು ನೋಡಿದ ನೋಟದಲ್ಲಿ ಬೆಂತೊಗೆ ಏನೋ ಕಾಣುತ್ತದೆ. ಅಲ್ಲಿಂದ ಮಗನ ಮುಖದಲ್ಲಿ ದಿನೇದಿನೇ ಸತ್ತ ಗೆಳೆಯನ ಮುಖ ಮೂಡತೊಡಗುತ್ತದೆ. ಕೊನೆಗೆ ಹೆಂಡತಿ ಮಗ ಇಬ್ಬರನ್ನೂ ಸ್ವಿಟ್ಜರ್ಲೆಂಡಿಗೆ ಸಾಗಿಸುತ್ತಾನೆ. ಕಪಿತೂ ಅಲ್ಲೇ ಸಾಯುತ್ತಾಳೆ. ಎಲ್ಲ ಮುಗಿದ ಮೇಲೆ, ಬಾಲ್ಯದ ಮನೆಯ ಪಡಿಯಚ್ಚಿನಂತೆ ಕಟ್ಟಿಸಿದ ಮನೆಯಲ್ಲಿ ಒಂಟಿಯಾಗಿ ಕೂತು ಬೆಂತೊ ಇದನ್ನೆಲ್ಲ 148 ಪುಟ್ಟ ಅಧ್ಯಾಯಗಳಲ್ಲಿ ಬರೆಯುತ್ತಾನೆ.

ಈ ಕಾದಂಬರಿಯನ್ನು 1953ರಲ್ಲಿ ಇಂಗ್ಲಿಷಿಗೆ ತಂದವರು ಅಮೆರಿಕದ ಹೆಲೆನ್ ಕಾಲ್ಡ್‌ವೆಲ್. ಅನುವಾದ ಮಾಡುವವರಿಗೆ ಅವಸರದಲ್ಲಿ ಓದುವ ಸೌಲಭ್ಯವಿಲ್ಲ, ಪ್ರತಿ ಪದವನ್ನೂ ತೂಗಿ ನೋಡಬೇಕು. 1960ರಲ್ಲಿ ಅವರು ‘ಮಶಾದೊ ದೆ ಅಸೀಸರ ಬ್ರೆಜಿಲಿಯನ್ ಒಥೆಲೊ’ ಎಂಬ ಪುಸ್ತಕ ಬರೆದು ಕಪಿತೂ ಪರವಾಗಿ ವಾದಿಸಿದರು. ‘ವಿಶ್ವಾಸಾರ್ಹವಲ್ಲದ ನಿರೂಪಕ’ ಎಂಬ ಪರಿಭಾಷೆಯನ್ನು ವೇನ್ ಬೂತ್ ಚಾಲ್ತಿಗೆ ತಂದದ್ದು 1961ರಲ್ಲಿ. ಅಂದರೆ ಆ ಹೆಸರು ಬರುವ ಮೊದಲೇ ಕಾಲ್ಡ್‌ವೆಲ್ ಆ ಕೆಲಸ ಮಾಡಿ ಮುಗಿಸಿದ್ದರು.

ಅವರ ಓದಿನ ಒಂದು ಮಾದರಿ ಕೊಡುತ್ತೇನೆ. ಮೊದಲ ಅಧ್ಯಾಯದಲ್ಲಿ ಬೆಂತೊ ತನ್ನ ಅಡ್ಡಹೆಸರಿನ ಕತೆ ಹೇಳುತ್ತಾನೆ. ರೈಲಿನಲ್ಲಿ ಒಬ್ಬ ಯುವಕ ತನ್ನ ಕವಿತೆಗಳನ್ನು ಓದಿ ಹೇಳುತ್ತಿದ್ದಾಗ ಇವನು ತೂಕಡಿಸಿದ. ಮುನಿದ ಕವಿ ಇವನಿಗೆ ‘ಡೋಂ ಕಾಸ್ಮುರ್ರೊ’ ಎಂದು ಹೆಸರಿಟ್ಟ. ಆ ಪದಕ್ಕೆ ನಿಘಂಟು ನೋಡಬೇಡಿ, ತನ್ನಷ್ಟಕ್ಕೆ ಇರುವ ಮೌನಿ ಎಂದು ಜನ ಕೊಡುವ ಅರ್ಥವೇ ಇಲ್ಲಿ ಸರಿ ಎಂದು ಬೆಂತೊ ಓದುಗರಿಗೆ ಸಲಹೆ ಕೊಡುತ್ತಾನೆ. ಕಾಲ್ಡ್‌ವೆಲ್ ಆ ಸಲಹೆಯನ್ನು ಪಾಲಿಸದೆ ನಿಘಂಟು ತೆರೆದರು. ಅಲ್ಲಿ ಸಿಕ್ಕ ಅರ್ಥ: ಹಟಮಾರಿ, ಹಿಡಿದದ್ದು ಬಿಡದವನು.

ಒಮ್ಮೆ ಅನುಮಾನ ಹುಟ್ಟಿದರೆ ಪುಸ್ತಕದ ಉದ್ದಕ್ಕೂ ಅದಕ್ಕೆ ಮೇವು ಸಿಗುತ್ತದೆ, ಅದೂ ನಿರೂಪಕನ ಕೈಯಿಂದಲೇ. ತನ್ನ ನೆನಪಿನ ಶಕ್ತಿ ಚೆನ್ನಾಗಿಲ್ಲ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಮಗನ ಮುಖಚಹರೆ ಅವನ ದೊಡ್ಡ ಸಾಕ್ಷ್ಯ. ಆದರೆ ಎಸ್ಕೊಬಾರನ ಮಾವ ಹಿಂದೊಮ್ಮೆ ತನ್ನ ತೀರಿಹೋದ ಹೆಂಡತಿಯ ಚಿತ್ರ ತೋರಿಸಿ, ಇವಳು ಕಪಿತೂವಿನಂತೆಯೇ ಇದ್ದಾಳಲ್ಲವೇ ಎಂದು ಕೇಳಿದ್ದನ್ನೂ ಅವನೇ ಬರೆದಿಟ್ಟಿದ್ದಾನೆ. ಇಬ್ಬರಿಗೂ ರಕ್ತಸಂಬಂಧವಿರಲಿಲ್ಲ. ಚಿಕ್ಕಂದಿನಲ್ಲಿ ಮಗ ಮನೆಗೆ ಬಂದುಹೋಗುವವರ ನಡೆನುಡಿಯನ್ನು ಅನುಕರಿಸುತ್ತಿದ್ದ ಎಂಬುದೂ ದಾಖಲಾಗಿದೆ. ಇನ್ನು ‘ಒಥೆಲೊ’ ನಾಟಕ ನೋಡಿ ಬಂದ ರಾತ್ರಿ ಅವನ ತಲೆಯಲ್ಲಿ ಓಡಿದ ತರ್ಕ ಕೇಳಿ: ನಿರಪರಾಧಿ ಡೆಸ್ಡಿಮೋನಾಗೇ ಈ ಗತಿಯಾದರೆ ಅಪರಾಧಿ ಕಪಿತೂಗೆ ಎಂಥ ಶಿಕ್ಷೆಯಾಗಬೇಕು? ಶಂಕೆಗೆ ಮರುಳಾಗಿ ಹೆಂಡತಿಯನ್ನು ಕೊಂದವನ ದುರಂತ ಕಣ್ಣೆದುರೇ ನಡೆದರೂ ಅದರಿಂದ ಅವನು ಕಲಿತ ಪಾಠ ಇದು. ಮರುದಿನ ವಿಷ ಬೆರೆಸಿದ ಕಾಫಿಯನ್ನು ಕುಡಿದು ಸಾಯಲು ಹೊರಟವನು, ಅದನ್ನು ಆ ಮಗುವಿನ ತುಟಿಯವರೆಗೆ ಒಯ್ಯುತ್ತಾನೆ. ಮುಂದೆ ಬೆಳೆದ ಎಜೆಕಿಯೆಲ್ ಪುರಾತತ್ತ್ವದ ಪ್ರವಾಸಕ್ಕೆ ಹೋಗಿ ಜೆರುಸಲೆಮ್ ಹತ್ತಿರ ವಿಷಮಶೀತಜ್ವರದಿಂದ ಸತ್ತ ಸುದ್ದಿ ಬಂದ ದಿನ, ತಾನು ಚೆನ್ನಾಗಿ ಊಟ ಮಾಡಿ ನಾಟಕಕ್ಕೆ ಹೋದೆ ಎಂದು ಬರೆಯುತ್ತಾನೆ.

ಇಷ್ಟೆಲ್ಲ ಎದುರಿಗೇ ಇದ್ದರೂ ಓದುಗರು ಅವನನ್ನು ನಂಬಿದ್ದೇಕೆ? ಅವನು ಚೆನ್ನಾಗಿ ಮಾತಾಡುತ್ತಾನೆ ಎಂಬುದು ಅರ್ಧ ಉತ್ತರ. ಉಳಿದರ್ಧವನ್ನು ಬ್ರೆಜಿಲ್‌ನ ವಿಮರ್ಶಕ ರೊಬೆರ್ತೊ ಶ್ವಾರ್ಜ್ ಮುಂದಿಟ್ಟರು. ಅವರು ಹೋಗಿ ನಿಂತದ್ದು ಕಾದಂಬರಿಯ ಆಸ್ತಿಪಾಸ್ತಿಯ ವಿವರಗಳ ಬಳಿ. ಬೆಂತೊನ ತಾಯಿ ಊರಿನ ತೋಟ ಮಾರಿ ನಗರದಲ್ಲಿ ಬಾಡಿಗೆ ಮನೆಗಳನ್ನು ಕೊಂಡವಳು. ಗುಲಾಮರನ್ನು ಕೊಂಡು ದುಡಿಮೆಗೆ ಬಿಟ್ಟು ಅದರ ಆದಾಯದಲ್ಲಿ ಬದುಕುತ್ತಿದ್ದವಳು. ಕಪಿತೂವಿನ ಅಪ್ಪ ಸಣ್ಣ ಗುಮಾಸ್ತ. ಆ ಕುಟುಂಬದ ಮನೆ ಲಾಟರಿ ಹಣದಲ್ಲಿ ಬಂದದ್ದು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದು 1888ರಲ್ಲಿ, ಈ ಕಾದಂಬರಿ ಅಚ್ಚಾಗುವುದಕ್ಕೆ ಹನ್ನೊಂದೇ ವರ್ಷ ಮೊದಲು. ಆ ಸಮಾಜದಲ್ಲಿ ಮನೆಯ ಯಜಮಾನನಿಗೆ ಎದುರುಮಾತು ಇರಲಿಲ್ಲ. ಬಡಮನೆಯ ಹುಡುಗಿ ಚುರುಕಾಗಿದ್ದರೆ ಅದು ಬುದ್ಧಿಯಲ್ಲ, ಕುಟಿಲತೆ. ಬೆಂತೊ ತೋರಿಸುವ ಕಪಿತೂ ಮದುವೆಗೆ ಮುಂಚಿನಿಂದಲೂ ಜಾಣೆ, ಯೋಜನೆ ಹಾಕುವವಳು. ಅದನ್ನೇ ಅವನು ಮುಂದಿನ ದ್ರೋಹಕ್ಕೆ ಪುರಾವೆ ಮಾಡುತ್ತಾನೆ. ಓದು ಬಲ್ಲ, ಪುಸ್ತಕ ಕೊಳ್ಳಬಲ್ಲ ಜನ ಆಗ ಹೆಚ್ಚಾಗಿ ಬೆಂತೊನಂಥ ಮನೆಗಳವರು. ತಮ್ಮವನೇ ಒಬ್ಬ ತಮ್ಮ ಭಾಷೆಯಲ್ಲೇ ದುಃಖ ತೋಡಿಕೊಂಡಾಗ ಪುರಾವೆ ಕೇಳಬೇಕೆಂದು ಅವರಿಗೆ ಅನ್ನಿಸಲಿಲ್ಲ.

ಹಾಗೆಂದು ಕಪಿತೂ ನಿರ್ದೋಷಿ ಎಂದು ತೀರ್ಪು ಕೊಟ್ಟುಬಿಟ್ಟರೆ ಮುಗಿಯಿತೇ? ನನಗೆ ಹಾಗನ್ನಿಸುವುದಿಲ್ಲ. ತಪ್ಪು ಮಾಡಿದಳೋ ಇಲ್ಲವೋ ಎಂಬ ಪ್ರಶ್ನೆಯನ್ನೇ ಹಿಡಿದು ಕೂತರೆ ನಾವಿನ್ನೂ ಬೆಂತೊ ಹಾಕಿದ ಗೆರೆಯೊಳಗೇ ಇರುತ್ತೇವೆ. ಈ ಮೊಕದ್ದಮೆಯಲ್ಲಿ ಫಿರ್ಯಾದಿ, ಸಾಕ್ಷಿ, ವಕೀಲ ಎಲ್ಲ ಅವನೊಬ್ಬನೇ. ನ್ಯಾಯಾಧೀಶರ ಕುರ್ಚಿ ಮಾತ್ರ ನಮ್ಮದು. ಕಪಿತೂವಿನ ಒಂದು ಮಾತೂ ಅವನ ಲೇಖನಿಯನ್ನು ದಾಟದೆ ನಮಗೆ ತಲುಪುವುದಿಲ್ಲ. ಸ್ವಿಟ್ಜರ್ಲೆಂಡಿನಿಂದ ಅವಳು ಕಾಗದ ಬರೆಯುತ್ತಿದ್ದಳು ಎಂದು ಅವನೇ ಹೇಳುತ್ತಾನೆ, ಆದರೆ ಅವುಗಳಲ್ಲಿ ಒಂದನ್ನೂ ಓದಲು ಕೊಡುವುದಿಲ್ಲ. ವಿಶ್ವಾಸಾರ್ಹತೆಯನ್ನು ನಿರೂಪಕನ ಗುಣ ಎಂದೇ ಪಠ್ಯಪುಸ್ತಕಗಳು ಹೇಳುತ್ತವೆ. ಈ ಅರವತ್ತು ವರ್ಷಗಳ ಚರಿತ್ರೆ ನೋಡಿದರೆ ಅದು ಓದುಗರು ಕೊಡುವ ಸಾಲವೂ ಹೌದು. ಅದನ್ನು ಯಾರಿಗೆ ಸುಲಭವಾಗಿ ಕೊಡುತ್ತೇವೆ, ಯಾರಿಗೆ ಸತಾಯಿಸಿ ಕೊಡುತ್ತೇವೆ ಎಂಬುದರಲ್ಲಿ ನಮ್ಮ ಮನೆತನ, ಕಾಲ, ಲಿಂಗ ಎಲ್ಲವೂ ಸೇರಿರುತ್ತವೆ.

ಇನ್ನೊಂದು ವಿವರ. ಪುಸ್ತಕದ ಆರಂಭದಲ್ಲಿ ಬೆಂತೊ ಮೊದಲು ಬರೆಯಬೇಕೆಂದುಕೊಂಡದ್ದು ರಿಯೊ ನಗರದ ಹೊರವಲಯಗಳ ಚರಿತ್ರೆಯನ್ನು. ಅದಕ್ಕೆ ದಾಖಲೆ, ತಾರೀಖು ಬೇಕು, ಅದೆಲ್ಲ ಬಲು ಶುಷ್ಕ ಎಂದು ಪಕ್ಕಕ್ಕಿಟ್ಟು ಸ್ವಂತ ಕತೆಗೆ ಕೈ ಹಾಕಿದ. ಹೆಂಡತಿಯ ಮೇಲಿನ ತೀರ್ಪಿಗೆ ಅವ್ಯಾವುವೂ ಬೇಕೆನಿಸಲಿಲ್ಲ. ಕೊನೆಯ ಅಧ್ಯಾಯದಲ್ಲಿ ಆ ತೀರ್ಪನ್ನು ಓದಿ ಮುಗಿಸಿ, ಇನ್ನು ಹೊರವಲಯಗಳ ಚರಿತ್ರೆಗೆ ಹೋಗೋಣ ಎಂದು ಏಳುತ್ತಾನೆ.